ಮಕ್ಕಳಿಗೆ ಗಿಡಮರ ಪರಿಚಯ ಮಾಡಿಸಲು ನೆಟ್‌ನಲ್ಲಿ ಒಳ್ಳೆಯದು ಏನಿದೆ? ಬೆಂಗಳೂರಿನವರು ಹೇಳಿ

ರಾಜಾಜಿನಗರದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಮೂರನೇ ಕ್ಲಾಸು. ಗಿಡ, ಹುಳ, ಹಕ್ಕಿ ಅಂದರೆ ಪ್ರಾಣ. ಅವಳಿಗಾಗಿ ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುವುದೆಲ್ಲ ಹೊರದೇಶದ್ದು. ಮೇಪಲ್ ಎಲೆ ಕೆಂಪಾಗಿ ಉದುರುತ್ತದೆ, ಆಮೇಲೆ ಹಿಮ ಬೀಳುತ್ತದೆ, ಅಳಿಲು ಓಕ್ ಮರದ ಕಾಯಿ ಬಚ್ಚಿಡುತ್ತದೆ. ನೋಡಲು ಚೆಂದ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಗೇಟಿನ ಮುಂದೆ ದಿನಾ ನೆರಳು ಕೊಡುವ ಮರ ಯಾವುದು ಅಂತ ಕೇಳಿದರೆ ಅವಳಿಗೆ ಗೊತ್ತಿಲ್ಲ. ಮನೆಯಲ್ಲಿ ಉಳಿದವರಿಗೂ ಖಚಿತವಿಲ್ಲ.

ನನಗೆ ಬೇಕಾಗಿರುವುದು ಇಷ್ಟು. ನಮ್ಮ ಊರಿನ ಗಿಡಮರಗಳ ಬಗ್ಗೆ ಹೇಳುವಂಥದ್ದು, ಆದಷ್ಟು ಕನ್ನಡದಲ್ಲಿ, ದುಡ್ಡು ಕೇಳದೆ ಸಿಗುವಂಥದ್ದು. ಇನ್ನೊಂದು ಚಿಂತೆ, ಪ್ರಕೃತಿ ಪಾಠ ಅಂತ ಶುರುವಾಗಿ ಕೊನೆಗೆ ಕಾರ್ಟೂನ್‌ಗೆ ಹೋಗಿ ನಿಲ್ಲಬಾರದು. ಮಕ್ಕಳ ಜೊತೆ ಇದನ್ನು ಮಾಡಿದವರು ದಯವಿಟ್ಟು ಹೇಳಿ.

ಭಾನುವಾರದ ನಡಿಗೆ

ಮೇಡಂ, ನೀವು ಕೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಆ ಗೇಟಿನ ಮುಂದಿನ ಮರದಿಂದಲೇ ಶುರು ಮಾಡಿ. ಮರ ಮೊದಲು, ಮೊಬೈಲ್ ಆಮೇಲೆ, ಮತ್ತೆ ಮರದ ಹತ್ತಿರ ವಾಪಸ್. ಮಲ್ಲೇಶ್ವರದಲ್ಲಿ ಭಾನುವಾರ ಬೆಳಗ್ಗೆ ಒಂದಿಷ್ಟು ಮಕ್ಕಳನ್ನು ಮರ ನೋಡಲು ಕರೆದುಕೊಂಡು ಹೋಗುತ್ತೇನೆ. ವಿಡಿಯೋ ನೋಡಿಕೊಂಡು ಬಂದ ಮಕ್ಕಳು ಹೆಸರು ಹೇಳಿ ಮುಂದೆ ಓಡುತ್ತಾರೆ. ಮರದಲ್ಲಿ ಏನೋ ಕಂಡು "ಇದ್ಯಾಕೆ ಹೀಗಿದೆ?" ಅಂದ ಮಗುವಿಗೆ ಆಮೇಲೆ ಏನು ತೋರಿಸಿದರೂ ತಲೆಯಲ್ಲಿ ಉಳಿಯುತ್ತದೆ. ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಹೊರದೇಶದ ವಿಡಿಯೋಗಳಿಂದ ಒಂದು ತೊಂದರೆ ನಿಜವಾಗಿಯೂ ಇದೆ. ನಾಲ್ಕು ಋತು, ಶರತ್ಕಾಲದಲ್ಲಿ ಎಲೆ ಉದುರುವುದು, ವಸಂತಕ್ಕೆ ಮುಂಚೆ ಹಿಮ ಕರಗುವುದು, ಇವೆಲ್ಲ ನಮ್ಮ ಬೀದಿಗೆ ಹೊಂದುವುದಿಲ್ಲ. ನಮ್ಮಲ್ಲಿ ಎಷ್ಟೋ ಮರಗಳು ಎಲೆ ಉದುರಿಸುವುದು ಚಳಿ ಮುಗಿಯುವ ಹೊತ್ತಿಗೆ. ಶಿವರಾತ್ರಿ ಆಸುಪಾಸಿನಲ್ಲಿ ಹೊಂಗೆ ನೋಡಿ, ಹಳದಿ ಎಲೆ ರಸ್ತೆ ತುಂಬಾ. ಯುಗಾದಿ ಬರುವಷ್ಟರಲ್ಲಿ ಫಳಫಳ ಹೊಳೆಯುವ ಎಳೆ ಚಿಗುರು. ಅರಳಿ ಮರದ ಚಿಗುರು ತಾಮ್ರದ ಬಣ್ಣಕ್ಕಿರುತ್ತದೆ. ಆಮೇಲೆ ಹೊಂಗೆ ಹೂ ಉದುರಿದರೆ ಫುಟ್‌ಪಾತ್ ಮೇಲೆ ಪುರಿ ಚೆಲ್ಲಿದ ಹಾಗೆ. ಈ ಲೆಕ್ಕ ಮಗುವಿಗೆ ತನ್ನ ಕಣ್ಣಿಂದಲೇ ಸಿಗಬೇಕು.

ಅದಕ್ಕೆ ಹೇಳಿ ಮಾಡಿಸಿದ್ದು ಸೀಸನ್‌ವಾಚ್. ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರು ನಡೆಸುತ್ತಾರೆ. ವೆಬ್‌ಸೈಟ್ ಇದೆ, ಆ್ಯಪ್ ಇದೆ, ದುಡ್ಡಿಲ್ಲ. ಒಂದು ಮರ ಆರಿಸಿಕೊಳ್ಳುವುದು, ವಾರಕ್ಕೊಮ್ಮೆ ಅದೇ ಮರದ ಕೆಳಗೆ ನಿಂತು ನೋಡುವುದು. ಎಳೆ ಎಲೆ ಇದೆಯಾ? ಬಲಿತ ಎಲೆ? ಮೊಗ್ಗು, ಹೂವು, ಕಾಯಿ, ಹಣ್ಣು? ಪ್ರತಿಯೊಂದಕ್ಕೂ ಇಲ್ಲ, ಸ್ವಲ್ಪ, ಜಾಸ್ತಿ ಅಂತ ಮೂರೇ ಉತ್ತರ. ಎರಡು ನಿಮಿಷದ ಕೆಲಸ. ಅವರ ಪಟ್ಟಿಯಲ್ಲಿ ಹೊಂಗೆ, ಬೇವು, ಮಾವು, ಹಲಸು, ಹುಣಸೆ, ಕಕ್ಕೆ ಎಲ್ಲ ಇವೆ.

ಮಗು ತುಂಬುವ ಈ ಮಾಹಿತಿ ಸುಮ್ನೆ ಆಟಕ್ಕೆ ಅಂದುಕೊಳ್ಳಬೇಡಿ. ಕೇರಳದಲ್ಲಿ ಶಾಲೆ ಮಕ್ಕಳೇ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದ್ದಾರೆ. ಏಪ್ರಿಲ್‌ನಲ್ಲಿ ವಿಷು ಹಬ್ಬಕ್ಕೆ ಅರಳುವ ಕಕ್ಕೆ ಹೂವು ಈಗ ಎಷ್ಟೋ ಮುಂಚೆಯೇ ಅರಳುತ್ತಿದೆ ಅನ್ನುವುದಕ್ಕೆ ಅವರು ವಾರವಾರ ಬರೆದಿಟ್ಟ ಲೆಕ್ಕವೇ ಆಧಾರ. ವಿಜ್ಞಾನಿಗಳು ಎಲ್ಲ ಮರದ ಕೆಳಗೂ ಹೋಗಿ ನಿಲ್ಲಲಾರರು. ಮಕ್ಕಳು ನಿಲ್ಲಬಲ್ಲರು. ತಾನು ಬರೆದದ್ದನ್ನು ಯಾರೋ ನಿಜವಾಗಿ ಬಳಸುತ್ತಾರೆ ಅಂತ ಗೊತ್ತಾದರೆ ಮಗುವಿನ ನೋಟವೇ ಬೇರೆಯಾಗುತ್ತದೆ.

ಹೆಬ್ಬಾಳ ಕೆರೆದಂಡೆ

ಸೀಸನ್‌ವಾಚ್ ಬಗ್ಗೆ ಗೊತ್ತೇ ಇರಲಿಲ್ಲ. ಈ ಚರ್ಚೆ ಉಳಿಸಿಟ್ಟುಕೊಂಡಿದ್ದೇನೆ. ಇನ್ನೂ ಬರೆಯಿರಿ.

ವೈಟ್‌ಫೀಲ್ಡ್ ಅಪ್ಪ

ಹೆಸರು ಪತ್ತೆ ಮಾಡುವ ಆ್ಯಪ್‌ಗಳ ಬಗ್ಗೆ ನಾನು ಹೇಳುತ್ತೇನೆ, ಮಗನ ಜೊತೆ ಇದನ್ನೇ ಜಾಸ್ತಿ ಮಾಡಿರುವುದು.

ಚಿಕ್ಕ ಮಕ್ಕಳಿಗೆ ಸೀಕ್. ಇದು ಐನ್ಯಾಚುರಲಿಸ್ಟ್‌ನವರದ್ದೇ, 2018ರಲ್ಲಿ ಬಂದದ್ದು. ಖಾತೆ ತೆರೆಯುವ ಅಗತ್ಯ ಇಲ್ಲ, ಹೆಸರು ವಯಸ್ಸು ಏನೂ ಕೇಳುವುದಿಲ್ಲ. ಕ್ಯಾಮೆರಾ ಹಿಡಿದರೆ ಮೊದಲು "ಹೂ ಬಿಡುವ ಸಸ್ಯ" ಅನ್ನುತ್ತದೆ, ಆಮೇಲೆ ಕುಟುಂಬ, ಕೊನೆಗೆ ಜಾತಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ನೋಡಿಯೇ ನನ್ನ ಮಗನಿಗೆ ಅವರೆ, ತೊಗರಿ, ಹೊಂಗೆ ಮೂರೂ ಒಂದೇ ಮನೆಯವು ಅಂತ ಹೊಳೆಯಿತು. ಪಾಠದಲ್ಲಿ ಹೇಳಿದ್ದರೆ ಅಷ್ಟು ತಟ್ಟುತ್ತಿರಲಿಲ್ಲ.

ದೊಡ್ಡ ಮಕ್ಕಳಿಗೆ ಐನ್ಯಾಚುರಲಿಸ್ಟ್. 2008ರಲ್ಲಿ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ಓದಿನ ಭಾಗವಾಗಿ ಶುರು ಮಾಡಿದ್ದು, ಈಗ ಜಗತ್ತಿನಾದ್ಯಂತ ಬಳಸುತ್ತಾರೆ. ನೀವು ಫೋಟೋ ಹಾಕುತ್ತೀರಿ, ಯಂತ್ರ ಒಂದು ಹೆಸರು ಸೂಚಿಸುತ್ತದೆ, ಗೊತ್ತಿರುವ ಜನ ಬಂದು ಹೌದು ಅಥವಾ ಅಲ್ಲ ಅನ್ನುತ್ತಾರೆ. ಹೀಗೆ ಮಾತುಕತೆಯಲ್ಲಿ ಹೆಸರು ಗಟ್ಟಿಯಾಗುವುದನ್ನು ಮಕ್ಕಳು ನೋಡುವುದು ಒಳ್ಳೆಯದು. ಕುಂಡದ ಗಿಡ, ಪಾರ್ಕಿನಲ್ಲಿ ನೆಟ್ಟ ಗಿಡ ಆದರೆ "ನೆಟ್ಟದ್ದು" ಅಂತ ಗುರುತು ಮಾಡಲು ಮರೆಯಬೇಡಿ. ಮಾಡದಿದ್ದರೆ ತಾನಾಗಿ ಬೆಳೆದದ್ದು ಅಂತ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮೂರು ಎಚ್ಚರಿಕೆ. ಐನ್ಯಾಚುರಲಿಸ್ಟ್ ಖಾತೆ ಅಪ್ಪ ಅಮ್ಮನ ಹೆಸರಲ್ಲೇ ಇರಲಿ. ಮನೆಯಲ್ಲಿ ತೆಗೆದ ಫೋಟೋ ಆದರೆ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ, ಅದನ್ನು ಒತ್ತಿ. ಮಗುವಿನ ಮುಖ ಫೋಟೋದಲ್ಲಿ ಬೇಡವೇ ಬೇಡ.

ಫೋಟೋ ತೆಗೆಯುವ ಕ್ರಮವೂ ಮುಖ್ಯ. ಒಂದೇ ಒಂದು ಎಲೆ ತೆಗೆದು "ಇದೇನು?" ಅಂದರೆ ಯಾವ ಆ್ಯಪ್ ಆದರೂ ತಡವರಿಸುತ್ತದೆ. ಎಲೆಯ ಮೇಲ್ಭಾಗ, ಅಡಿಭಾಗ, ಎಲೆಗಳು ಕಡ್ಡಿಗೆ ಕೂತಿರುವ ರೀತಿ, ತೊಗಟೆ, ಹೂವೋ ಕಾಯೋ ಇದ್ದರೆ ಅದು, ಕೊನೆಗೆ ದೂರದಿಂದ ಇಡೀ ಮರ. ಇಷ್ಟೂ ತೆಗೆಯುವ ಹೊತ್ತಿಗೆ ಮಗು ಆ ಮರವನ್ನು ಸುತ್ತು ಹಾಕಿ ನೋಡಿರುತ್ತದೆ. ನಿಜವಾದ ಪಾಠ ಆಗುವುದು ಅಲ್ಲೇ.

ಬಸವನಗುಡಿ ತಾತ

ಎಲ್ಲ ಓದಿದೆ. ನನ್ನ ಅಭಿಪ್ರಾಯ ಬೇರೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಯಾವ ಆ್ಯಪ್ ನೋಡಿ ಮರ ಕಲಿತೆವು? ಹುಣಸೆ ಮರ ಹತ್ತಿ ಕಲಿತೆವು, ನೇರಳೆ ಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಂಡು ಕಲಿತೆವು. ಈಗಿನ ಮಕ್ಕಳ ಕೈಯಲ್ಲಿ ಮೊದಲೇ ಫೋನು ಜಾಸ್ತಿ. ಮರ ನೋಡುವುದಕ್ಕೂ ಅದೇ ಕೊಟ್ಟರೆ ಹೇಗೆ? ಲಾಲ್‌ಬಾಗ್ ಇದೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಈಗ 240 ಎಕರೆ. ಮರಗಳಿಗೆ ಹೆಸರಿನ ಫಲಕ ಹಾಕಿದ್ದಾರೆ. ಅಲ್ಲಿನ ಬಿಳಿ ಬೂರುಗದ ಬೇರು ಗೋಡೆಯ ಹಾಗೆ ಎದ್ದು ನಿಂತಿದೆ, ಅದರ ಪಕ್ಕ ಮೊಮ್ಮಗನನ್ನು ನಿಲ್ಲಿಸಿ. ಗುಡ್ಡದ ಬಂಡೆ ಮೇಲೆ ಕೂರಿಸಿ, ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು ಅಂತ ಹೇಳಿ. ಇದಕ್ಕೆ ನೆಟ್ ಬೇಕಾ?

ಭಾನುವಾರದ ನಡಿಗೆ

ಸಾರ್, ಬೇಜಾರು ಯಾಕೆ, ನೀವು ಹೇಳಿದ್ದು ಸರಿಯೇ. ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಹೇಳಿದೆ. ಆ ವಯಸ್ಸಿನವರಿಗೆ ಮಣ್ಣು, ನೀರು, ಎಲೆ ಸಾಕು. ಆ್ಯಪ್ ಬೇಡವೇ ಬೇಡ.

ಆದರೆ ದೊಡ್ಡ ಮಕ್ಕಳ ವಿಷಯದಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ಅತ್ತಿ ಹಣ್ಣು ಬಿಡಿಸಿದರೆ ಒಳಗೆ ಹುಳ ಅಂತ ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಮಕ್ಕಳ ಎದುರು ಒಂದು ಅತ್ತಿ ಹಣ್ಣನ್ನು ಎರಡು ಹೋಳು ಮಾಡಿದರೆ ಮೊದಲು "ಥೂ" ಅನ್ನುತ್ತಾರೆ. ಅಲ್ಲಿಗೇ ಬಿಟ್ಟರೆ ಅಷ್ಟೇ. ಒಳಗಡೆ ಸಾಲಾಗಿ ಕಾಣುವ ಸಣ್ಣ ಸಣ್ಣ ಕಣಗಳೇ ಅತ್ತಿಯ ಹೂವು. ಹೂವು ಹಣ್ಣಿನ ಒಳಗೇ ಅರಳುತ್ತದೆ. ಎಳ್ಳಿಗಿಂತ ಚಿಕ್ಕದಾದ ಕಣಜ ಹಣ್ಣಿನ ತುದಿಯ ತೂತಿನಿಂದ ಒಳಗೆ ನುಗ್ಗಿ ಪರಾಗ ತಲುಪಿಸುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. ಅದಿಲ್ಲದೆ ಅತ್ತಿಗೆ ಬೀಜ ಇಲ್ಲ, ಅತ್ತಿ ಇಲ್ಲದೆ ಆ ಕಣಜ ಇಲ್ಲ. ಇದನ್ನು ಬರಿಗಣ್ಣಲ್ಲಿ ಪೂರ್ತಿ ನೋಡಲು ಆಗುವುದಿಲ್ಲ. ಹಣ್ಣು ಕೈಯಲ್ಲಿ ಹಿಡಿದುಕೊಂಡೇ ಒಂದು ದೊಡ್ಡದು ಮಾಡಿದ ವಿಡಿಯೋ ತೋರಿಸಿದರೆ, "ಥೂ" ಅಂದ ಮಕ್ಕಳೇ ಇನ್ನೊಂದು ಹಣ್ಣು ಬಿಡಿಸಿ ಅನ್ನುತ್ತಾರೆ. ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅತ್ತಿ ಮತ್ತು ಅದರ ಕಣಜಗಳ ಮೇಲೆ ಸಂಶೋಧನೆ ನಡೆದಿದೆ ಅಂತ ಹೇಳಿದಾಗ ಅವರ ಮುಖ ನೋಡಬೇಕು.

ಫೋನು ಮಗುವಿನ ಕೈಗೆ ಬೇಡ ಅಂತ ನೀವು ಹೇಳಿದ್ದನ್ನು ನಾನೂ ಪಾಲಿಸುತ್ತೇನೆ. ನಡಿಗೆಯಲ್ಲಿ ಒಂದೇ ಫೋನು, ಅದು ದೊಡ್ಡವರ ಜೇಬಲ್ಲಿ.

ಬಸವನಗುಡಿ ತಾತ

ಜೇಬಲ್ಲಿ ಇರುವುದಾದರೆ ನನ್ನ ತಕರಾರಿಲ್ಲ. ಅತ್ತಿ ವಿಷಯ ಮೊಮ್ಮಗನಿಗೆ ತೋರಿಸುತ್ತೇನೆ.

ಸರ್ಕಾರಿ ಶಾಲೆ ಮೇಷ್ಟ್ರು, ಯಲಹಂಕ

ನಮ್ಮ ಕಡೆಯಿಂದಲೂ ಸ್ವಲ್ಪ. ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಹಾಗಾಗಿ ನಾನು ಹುಡುಕುವುದು ಒಮ್ಮೆ ಇಳಿಸಿಕೊಂಡು ಆಮೇಲೆ ನೆಟ್ ಇಲ್ಲದೆ ಬಳಸುವಂಥದ್ದು.

ಒಂದು, ಸ್ಟೋರಿವೀವರ್. ನಮ್ಮ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು. ಚಿತ್ರದ ಕಥೆಗಳು, ಕನ್ನಡದಲ್ಲಿ ಬೇಕಾದಷ್ಟಿವೆ. ಗಿಡ, ಬೀಜ, ಹುಳ, ಕೆರೆ ಅಂತ ಹುಡುಕಿ. ಓದುವ ಮಟ್ಟ ನೋಡಿಕೊಂಡು ಆರಿಸಬಹುದು. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು, ಪ್ರಿಂಟ್ ತೆಗೆದು, ಕ್ಲಾಸಿಗೆಲ್ಲ ಹಂಚಿದರೂ ಯಾರೂ ಏನೂ ಅನ್ನುವುದಿಲ್ಲ.

ಇನ್ನೊಂದು, ಅರ್ಲಿ ಬರ್ಡ್. ಇದೂ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ದೇ. ಹಕ್ಕಿಗಳ ಪೋಸ್ಟರ್ ಕನ್ನಡದಲ್ಲಿ ಸಿಗುತ್ತದೆ. ಗೋಡೆಗೆ ಅಂಟಿಸಿದ ಮೇಲೆ ಮಕ್ಕಳು ಬೆಲ್ ಹೊಡೆಯುವ ಮುಂಚೆಯೇ ಬಂದು ಅದರ ಮುಂದೆ ನಿಲ್ಲುತ್ತಾರೆ. ಹಕ್ಕಿ ನೋಡಿದ ಮೇಲೆ ಅದು ಯಾವ ಮರಕ್ಕೆ ಬರುತ್ತದೆ, ಯಾಕೆ ಬರುತ್ತದೆ ಅಂತ ಮಾತು ತಾನಾಗಿ ಗಿಡಮರಕ್ಕೇ ಬರುತ್ತದೆ. ಕಂಚುಕುಟಿಗ ಆಲ, ಅರಳಿ, ಅತ್ತಿಯ ಹಣ್ಣಿಗೆ ಬರುತ್ತದೆ. ಸೂರಕ್ಕಿ ಮಕರಂದಕ್ಕೆ ಬರುತ್ತದೆ.

ಮತ್ತೆ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ಇದ್ದೇ ಇದೆ. ನಮ್ಮ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹೊಡೆದರೆ ಪಾಠದ ಸಾಮಗ್ರಿ ತೆರೆದುಕೊಳ್ಳುತ್ತದೆ. ಎಲ್ಲ ಪಾಠಕ್ಕೂ ಒಂದೇ ಗುಣಮಟ್ಟ ಇರುವುದಿಲ್ಲ, ನೀವು ಮೊದಲು ನೋಡಿ ಆಮೇಲೆ ತೋರಿಸಿ. ಪರಿಸರ ಅಧ್ಯಯನದ ಪುಸ್ತಕಗಳು ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಸಿಗುತ್ತವೆ. ಖಾಸಗಿ ಶಾಲೆ ಮಕ್ಕಳ ತಂದೆತಾಯಿಯೂ ಒಮ್ಮೆ ನೋಡಿ. ನಮ್ಮ ಊರಿನ ಉದಾಹರಣೆಗಳು ಅಲ್ಲಿ ಸಿಗುತ್ತವೆ.

ಶಾಲೆಯಿಂದಲೇ ಸೀಸನ್‌ವಾಚ್‌ಗೆ ಸೇರಬಹುದು. ಒಬ್ಬ ಶಿಕ್ಷಕರು ಹೆಸರು ನೋಂದಾಯಿಸಿದರೆ ಸಾಕು. ನಮ್ಮ ಮಕ್ಕಳು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಳ್ಳುತ್ತಾರೆ, ವಾರದ ಕೊನೆಗೆ ನಾನು ಫೋನಿನಲ್ಲಿ ತುಂಬುತ್ತೇನೆ.

ಬಾಲ್ಕನಿ ಕೈತೋಟ

ಎಲ್ಲರೂ ದೊಡ್ಡ ಮರದ ಬಗ್ಗೆ ಹೇಳುತ್ತಿದ್ದೀರಿ. ನಮ್ಮದು ಅಪಾರ್ಟ್‌ಮೆಂಟಿನ ಮೇಲಿನ ಮಹಡಿ. ನನ್ನ ಸಲಹೆ ಒಂದೇ, ಒಂದು ಕುಂಡದಲ್ಲಿ ಕರಿಬೇವು ಇಡಿ. ಒಗ್ಗರಣೆಗೂ ಆಯಿತು, ಪಾಠಕ್ಕೂ ಆಯಿತು.

ಯಾಕೆ ಅಂದರೆ ಕರಿಬೇವು, ನಿಂಬೆ ಗಿಡಕ್ಕೆ ಚಿಟ್ಟೆ ಹುಡುಕಿಕೊಂಡು ಬರುತ್ತದೆ. ನಿಂಬೆ ಚಿಟ್ಟೆ ಅಂತಾರಲ್ಲ, ಕಪ್ಪು ರೆಕ್ಕೆ ಮೇಲೆ ತಿಳಿಹಳದಿ ಚುಕ್ಕೆ, ಅದು. ಎಳೆ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕ ಮೊಟ್ಟೆ ಇಟ್ಟು ಹೋಗುತ್ತದೆ. ಹೊರಬರುವ ಹುಳ ಥೇಟ್ ಹಕ್ಕಿ ಹಿಕ್ಕೆ! ಕಂದು ಬಣ್ಣ, ಮಧ್ಯೆ ಬಿಳಿ ಪಟ್ಟಿ, ಮೇಲೆ ಒದ್ದೆ ಹೊಳಪು. ಹಿಕ್ಕೆ ಅಂದುಕೊಂಡು ಹಕ್ಕಿಗಳು ಮುಟ್ಟುವುದಿಲ್ಲ. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಒಂದು ಬೆಳಗ್ಗೆ ನೋಡಿದರೆ ಪೂರ್ತಿ ಹಸಿರು. ಎಲೆ ಮಧ್ಯೆ ಹುಡುಕಿದರೂ ಸಿಗುವುದಿಲ್ಲ. ಕಡ್ಡಿಯಿಂದ ಮೆಲ್ಲಗೆ ತಾಗಿಸಿದರೆ ತಲೆಯ ಹಿಂದಿನಿಂದ ಎರಡು ಕೊಂಬು ಹೊರಗೆ ಚಾಚುತ್ತದೆ, ಜೊತೆಗೆ ಗಾಢ ವಾಸನೆ. ನನ್ನ ಮಗಳು ಮೂಗು ಮುಚ್ಚಿಕೊಂಡು ನಕ್ಕು ನಕ್ಕು ಸುಸ್ತಾದಳು. ಒಮ್ಮೆ ಸಾಕು, ಪದೇ ಪದೇ ತಾಗಿಸಿದರೆ ಅದಕ್ಕೆ ಹಿಂಸೆ ಅಂತ ಹೇಳಿಕೊಟ್ಟಿದ್ದೇನೆ.

ಮೊಟ್ಟೆಯಿಂದ ಚಿಟ್ಟೆ ಆಗುವವರೆಗೆ ಸುಮಾರು ಮೂರು ನಾಲ್ಕು ವಾರ. ಅಷ್ಟು ದಿನ ಪೌಡರು, ಸ್ಪ್ರೇ ಏನೂ ಹಾಕಬೇಡಿ. ಕರಿಬೇವಿನ ಎಲೆ ಸ್ವಲ್ಪ ಹೋಗುತ್ತದೆ, ಹೋಗಲಿ, ಮತ್ತೆ ಚಿಗುರುತ್ತದೆ.

ಇದಕ್ಕೆ ನೆಟ್‌ನಲ್ಲಿ ತುಂಬಾ ಚೆನ್ನಾಗಿರುವ ಜಾಗ ಬಟರ್‌ಫ್ಲೈಸ್ ಆಫ್ ಇಂಡಿಯಾ ವೆಬ್‌ಸೈಟ್. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಕೆಲಸ ಅದು. ಒಂದೊಂದು ಚಿಟ್ಟೆಗೂ ಮೊಟ್ಟೆ, ಹುಳ, ಕೋಶ, ರೆಕ್ಕೆ ತೆರೆದ ಫೋಟೋ, ಯಾವ ಗಿಡ ತಿನ್ನುತ್ತದೆ ಅನ್ನುವ ಪಟ್ಟಿ, ಎಲ್ಲ ಇದೆ. ಇಂಗ್ಲಿಷಿನಲ್ಲಿದೆ, ಆದರೆ ಫೋಟೋ ನೋಡಲು ಭಾಷೆ ಬೇಡ. ನಾವು ನಮ್ಮ ಹುಳ ಈಗ ಯಾವ ಹಂತದಲ್ಲಿದೆ ಅಂತ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆವು.

ನರ್ಸ್ ಅಕ್ಕ, ಕೆಂಗೇರಿ

ಇದುವರೆಗೆ ಯಾರೂ ಹೇಳದ ವಿಷಯ ನಾನು ಹೇಳಬೇಕು. ಆ್ಯಪ್ ಹೇಳಿತು ಅಂತ ಯಾವ ಕಾಯಿ, ಎಲೆ, ಅಣಬೆಯನ್ನೂ ಬಾಯಿಗೆ ಇಡಬಾರದು. ಆ್ಯಪ್ ಹೇಳುವುದು ಊಹೆ. ಮಕ್ಕಳಿಗೆ ಇದನ್ನು ಮೊದಲ ದಿನವೇ ಗಟ್ಟಿಯಾಗಿ ಹೇಳಿ.

ನಮ್ಮ ಬೀದಿಯಲ್ಲೇ ಇರುವ ವಿಷದ ಗಿಡಗಳು ಮೊದಲು ಗೊತ್ತಿರಲಿ. ಕಣಗಿಲೆ, ಹಳದಿ ಕಣಗಿಲೆ ಎರಡೂ ಹೃದಯಕ್ಕೆ ಅಪಾಯ, ಎಲೆ ಹೂವು ಬೀಜ ಯಾವುದೂ ಬಾಯಿಗೆ ಹೋಗಬಾರದು. ರಸ್ತೆ ನಡುವಿನ ಡಿವೈಡರ್‌ನಲ್ಲಿ, ಪಾರ್ಕಿನ ಬೇಲಿಯಲ್ಲಿ ಇದೇ ಜಾಸ್ತಿ. ಉಮ್ಮತ್ತಿ ಕಾಯಿ, ಗುಲಗಂಜಿ ಬೀಜ ಇನ್ನೂ ಅಪಾಯ. ಗುಲಗಂಜಿ ಕೆಂಪು ಕಪ್ಪು ಚೆಂದ ಕಾಣುತ್ತದೆ ಅಂತ ಮಕ್ಕಳು ಜೇಬಿಗೆ ಹಾಕಿಕೊಳ್ಳುತ್ತಾರೆ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಎಲೆ ಕಿತ್ತ ಕೈಯಲ್ಲಿ ಕಣ್ಣು ಉಜ್ಜಿಕೊಂಡರೂ ಕಷ್ಟ. ಕಾಂಗ್ರೆಸ್ ಗಿಡ ಕೆಲವರ ಚರ್ಮಕ್ಕೆ, ಉಸಿರಿಗೆ ಆಗುವುದಿಲ್ಲ.

ನುಗ್ಗೆ ಮರದ ಕೆಳಗೆ ಮೇಲೆ ನೋಡದೆ ನಿಲ್ಲಬೇಡಿ. ಮಳೆಗಾಲದಲ್ಲಿ ಕಂಬಳಿಹುಳ ಕಾಂಡದ ಮೇಲೆ ರಾಶಿ ಕೂತಿರುತ್ತದೆ. ಕೂದಲು ತಾಗಿದರೆ ವಿಪರೀತ ತುರಿಕೆ. ಆದಾಗ ಉಜ್ಜಬೇಡಿ, ಅಂಟು ಟೇಪಿನಿಂದ ಕೂದಲು ಎತ್ತಿ ತೆಗೆದು, ಸೋಪು ನೀರಲ್ಲಿ ತೊಳೆಯಿರಿ. ಮಗು ಏನಾದರೂ ನುಂಗಿದೆ ಅನ್ನುವ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗಬೇಡಿ. ಆ ಗಿಡದ ಒಂದು ಕೊಂಬೆ ಸಮೇತ ಆಸ್ಪತ್ರೆಗೆ ಬನ್ನಿ, ನೋಡುವ ಡಾಕ್ಟರಿಗೆ ತುಂಬಾ ಅನುಕೂಲ.

ವೈಟ್‌ಫೀಲ್ಡ್ ಅಪ್ಪ

ಅಕ್ಕ, ಇದು ಎಲ್ಲಕ್ಕಿಂತ ಮುಖ್ಯ. ಥ್ಯಾಂಕ್ಸ್.

ರಾಜಾಜಿನಗರದ ಅಮ್ಮ

ಇಷ್ಟೊಂದು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ವಂದನೆ. ಮಗಳ ಜೊತೆ ಗೇಟಿನ ಮುಂದೆ ಹೋಗಿ ನಿಂತೆ. ವೈಟ್‌ಫೀಲ್ಡ್ ಅಪ್ಪ ಹೇಳಿದ ಹಾಗೆ ಫೋಟೋ ತೆಗೆದೆವು. ಆ್ಯಪ್ ಹೊಂಗೆ ಅನ್ನುತ್ತಿದೆ. ಆದರೆ ಮಗಳದ್ದೊಂದು ಪ್ರಶ್ನೆ. ಹೊಂಗೆ ಎಲೆ ಒಂದರಲ್ಲಿ ಐದೋ ಏಳೋ ಎಲೆ ಇರುತ್ತದೆ ಅಂತ ಓದಿದಳು. "ಎಲೆಯೊಳಗೆ ಎಲೆ ಹೇಗಮ್ಮ? ಇವು ಏಳು ಎಲೆ ಅಂತ ಯಾಕೆ ಅನ್ನಬಾರದು?" ಅಂತಾಳೆ. ಏನು ಹೇಳಲಿ? ಇನ್ನೊಂದು, ಎಲೆಗಳ ಮೇಲೆ ಬಿಳಿ ಕಲೆ, ಅಂಕುಡೊಂಕು ಗೆರೆ ಇದೆ. ಮರಕ್ಕೆ ಕಾಯಿಲೆಯಾ?

ಭಾನುವಾರದ ನಡಿಗೆ

ಎಂಥ ಒಳ್ಳೆ ಪ್ರಶ್ನೆ! ಉತ್ತರ ಹೇಳಬೇಡಿ, ಅವಳ ಕೈಯಲ್ಲೇ ಹುಡುಕಿಸಿ. ಒಂದು ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ.

ಕೆಳಗಿನ ಕೊಂಬೆಯಲ್ಲಿ, ಆ ಏಳು ಎಲೆ ಹೊತ್ತಿರುವ ಕಡ್ಡಿ ಕೊಂಬೆಗೆ ಕೂಡುವ ಜಾಗಕ್ಕೆ ಬನ್ನಿ. ಆ ಕಂಕುಳಲ್ಲಿ ಒಂದು ಪುಟ್ಟ ಮೊಗ್ಗು ಕಾಣುತ್ತದೆ. ಮುಂದಿನ ಚಿಗುರು ಹೊರಡುವುದು ಅಲ್ಲಿಂದ. ಈಗ ಏಳರಲ್ಲಿ ಒಂದೊಂದರ ಬುಡ ನೋಡಲಿ. ಅಲ್ಲಿ ಮೊಗ್ಗು ಇರುವುದಿಲ್ಲ. ಬುಡದ ಕಂಕುಳಲ್ಲಿ ಮೊಗ್ಗು ಇದ್ದರೆ ಅದು ಎಲೆ. ಇಲ್ಲದಿದ್ದರೆ ಎಲೆಯ ಒಂದು ಭಾಗ, ಪುಸ್ತಕದಲ್ಲಿ ಅದನ್ನು ಕಿರುಎಲೆ ಅಂತಾರೆ. ಸಸ್ಯಶಾಸ್ತ್ರ ಓದುವವರು ಎಲೆ ಗುರುತಿಸುವುದೂ ಇದೇ ಮೊಗ್ಗು ನೋಡಿ. ಎಲೆ ಉದುರುವಾಗಲೂ ಸಾಮಾನ್ಯವಾಗಿ ಆ ಕಡ್ಡಿ ಬುಡದಿಂದಲೇ ಕಳಚಿಕೊಳ್ಳುತ್ತದೆ.

ಇದು ಗೊತ್ತಾದ ಮೇಲೆ ಅವಳನ್ನು ತಡೆಯಲು ಆಗುವುದಿಲ್ಲ, ನೋಡಿ. ಮಾವಿನದು ಒಂಟಿ ಎಲೆ. ಬೇವಿನದು ಕಿರುಎಲೆಗಳ ಸಾಲು, ಅಂಚಿಗೆ ಗರಗಸದ ಹಲ್ಲು. ಗುಲ್‌ಮೊಹರ್, ಮಳೆಮರದಲ್ಲಿ ಕಡ್ಡಿಯೊಳಗೆ ಮತ್ತೆ ಕಡ್ಡಿ, ಅದರ ಮೇಲೆ ಪುಟ್ಟ ಪುಟ್ಟ ಕಿರುಎಲೆ. ಮಳೆಮರ ಮತ್ತು ಹುಣಸೆ ಸಂಜೆಯಾದರೆ ಎಲೆ ಮಡಚುತ್ತವೆ, ಒಮ್ಮೆ ಕತ್ತಲಾದ ಮೇಲೂ ಕರೆದುಕೊಂಡು ಹೋಗಿ.

ಬಿಳಿ ಗೆರೆ ಬಗ್ಗೆ. ಎಲೆಯ ಎರಡು ಪದರದ ನಡುವೆ ಒಂದು ಪುಟ್ಟ ಹುಳ ಹಸಿರನ್ನು ತಿನ್ನುತ್ತಾ ಸುರಂಗ ಕೊರೆದುಕೊಂಡು ಹೋದ ದಾರಿ ಅದು. ಬೆಂಗಳೂರಿನ ಹೊಂಗೆಗಳಲ್ಲಿ ತುಂಬಾ ಸಾಮಾನ್ಯ. ಎಲೆಯನ್ನು ಬೆಳಕಿಗೆ ಹಿಡಿದರೆ ಕೆಲವು ಸಲ ಹುಳವೂ ಕಾಣುತ್ತದೆ. ಮರಕ್ಕೆ ಇದರಿಂದ ದೊಡ್ಡ ತೊಂದರೆ ಏನಿಲ್ಲ, ಔಷಧ ಹೊಡೆಸಬೇಡಿ.

ಗಾಂಧಿ ಬಜಾರ್ ಸೊಸೆ

ನಾನೊಂದು ಸೇರಿಸಲಾ? ಗಣೇಶನ ಹಬ್ಬಕ್ಕೆ ಪತ್ರೆ ತರುತ್ತೀವಲ್ಲ, ಇಪ್ಪತ್ತೊಂದು ಬಗೆ. ನಮ್ಮ ಮನೆಯಲ್ಲಿ ಪೂಜೆಗೆ ಮುಂಚೆ ಮಕ್ಕಳು ಒಂದೊಂದನ್ನೂ ಬಿಡಿಸಿ ಬಿಳಿ ಹಾಳೆ ಮೇಲೆ ಇಡುತ್ತಾರೆ. ಗರಿಕೆ, ಬಿಲ್ವ, ಬನ್ನಿ, ಎಕ್ಕ, ಉತ್ತರಣೆ, ದಾಳಿಂಬೆ, ಮಾಚಿಪತ್ರೆ. ಅತ್ತೆ ಹೆಸರು ಹೇಳುತ್ತಾರೆ, ಮಕ್ಕಳು ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಆಮೇಲೆ ಫ್ಲವರ್ಸ್ ಆಫ್ ಇಂಡಿಯಾ ವೆಬ್‌ಸೈಟಿನಲ್ಲಿ ಹುಡುಕುತ್ತಾರೆ. ಅಲ್ಲಿ ಒಂದೊಂದು ಗಿಡಕ್ಕೂ ನಮ್ಮ ದೇಶದ ಭಾಷೆಗಳ ಹೆಸರು ಕೊಟ್ಟಿದ್ದಾರೆ, ಬಹಳಷ್ಟಕ್ಕೆ ಕನ್ನಡವೂ ಸಿಗುತ್ತದೆ. ಇನ್ನೂ ಆಳಕ್ಕೆ ಹೋಗುವವರಿಗೆ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನವರು ಮಾಡಿರುವ ಕರ್ನಾಟಕದ ಸಸ್ಯಗಳ ಡಿಜಿಟಲ್ ಸಂಗ್ರಹ ಇದೆ. ಒಣಗಿಸಿ ಒತ್ತಿಟ್ಟ ಮಾದರಿಗಳ ಚಿತ್ರವನ್ನೇ ನೋಡಬಹುದು. ಹೈಸ್ಕೂಲ್ ಮಕ್ಕಳಿಗೆ ಅದು ಸರಿ. ಪತ್ರೆಯಲ್ಲಿ ಕಣಗಿಲೆಯೂ ಇರುತ್ತದೆ, ನರ್ಸ್ ಅಕ್ಕ ಹೇಳಿದ್ದು ಓದಿದ ಮೇಲೆ ಈ ಸಲ ಕೈ ತೊಳೆಸುವುದನ್ನು ಮರೆಯುವುದಿಲ್ಲ.

ಪೀಣ್ಯ ಎರಡನೇ ಹಂತ

ಓದಲು ಖುಷಿ ಆಯಿತು. ಆದರೆ ನಮ್ಮ ರಸ್ತೆಯಲ್ಲಿ ಒಂದೂ ಮರ ಇಲ್ಲ. ಪಾರ್ಕಿಗೆ ದೊಡ್ಡ ರಸ್ತೆ ದಾಟಬೇಕು. ಮಗ ಎರಡನೇ ಕ್ಲಾಸು. ನಾವು ಎಲ್ಲಿಂದ ಶುರು ಮಾಡುವುದು?

ಸರ್ಕಾರಿ ಶಾಲೆ ಮೇಷ್ಟ್ರು, ಯಲಹಂಕ

ಗೋಡೆಯಿಂದ ಶುರು ಮಾಡಿ. ಹಳೆಯ ಕಾಂಪೌಂಡಿನ ಬಿರುಕಿನಲ್ಲಿ, ಟ್ಯಾಂಕಿನ ಪೈಪಿನ ಬಳಿ ಒಂದು ಅರಳಿ ಸಸಿ ಇದ್ದೇ ಇರುತ್ತದೆ. ಯಾರೂ ನೆಟ್ಟದ್ದಲ್ಲ. ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕಿದ ಕಡೆ ಬೀಜ ಮೊಳೆತದ್ದು. ಮಣ್ಣೇ ಇಲ್ಲದ ಜಾಗದಲ್ಲಿ ಹೇಗೆ ಬದುಕಿದೆ ಅಂತ ಮಗನನ್ನು ಕೇಳಿ.

ಆಮೇಲೆ ಚರಂಡಿ ಪಕ್ಕ, ಖಾಲಿ ಸೈಟು. ತುಂಬೆ, ಉತ್ತರಣೆ, ಗರಿಕೆ, ಮುಟ್ಟಿದರೆ ಮುನಿ, ಇವುಗಳಲ್ಲಿ ಎರಡಾದರೂ ಸಿಗುತ್ತವೆ. ಉತ್ತರಣೆ ಪಕ್ಕ ಹಾದು ಬಂದರೆ ಪ್ಯಾಂಟಿಗೆ ಬೀಜ ಅಂಟಿರುತ್ತದೆ. ಅದನ್ನು ಕಿತ್ತು ಬಿಸಾಡದೆ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ, ಚೂಪು ಮುಳ್ಳು ಕಾಣುತ್ತದೆ. ಬೀಜ ಊರೂರು ತಿರುಗುವುದು ಹೇಗೆ ಅನ್ನುವ ಪಾಠ ಅಲ್ಲೇ ಇದೆ.

ಮನೆಯೊಳಗೆ ಹೆಸರುಕಾಳು. ಕೆಲವನ್ನು ಒದ್ದೆ ಹತ್ತಿ ಮೇಲೆ ಬೆಳಕಲ್ಲಿ ಇಡಿ, ಕೆಲವನ್ನು ಡಬ್ಬಿ ಮುಚ್ಚಿ ಕತ್ತಲಲ್ಲಿ ಇಡಿ. ದಿನಾ ಒಂದೇ ಹೊತ್ತಿಗೆ, ಫೋನನ್ನು ಒಂದೇ ಜಾಗದಲ್ಲಿಟ್ಟು ಒಂದೊಂದು ಫೋಟೋ ತೆಗೆಯಿರಿ. ಒಂದು ವಾರ ಆದ ಮೇಲೆ ಫೋಟೋಗಳನ್ನು ಬೇಗ ಬೇಗ ಸರಿಸಿದರೆ ಮೊಳಕೆ ಎದ್ದು ನಿಲ್ಲುವುದು ಕಾಣುತ್ತದೆ. ಕತ್ತಲಲ್ಲಿ ಇಟ್ಟದ್ದು ಬೆಳ್ಳಗೆ, ಬಳುಕುತ್ತಾ, ಉದ್ದಕ್ಕೆ ಬೆಳೆದಿರುತ್ತದೆ. ಅದನ್ನು ಬೆಳಕಿಗೆ ತಂದಿಟ್ಟು ಒಂದು ದಿನ ಕಾದು ನೋಡಿ. ಯಾಕೆ ಹಸಿರಾಯಿತು ಅಂತ ಮಗ ಕೇಳಿದ ದಿನ ಸ್ಟೋರಿವೀವರ್‌ನಲ್ಲಿ ಬೀಜದ ಕಥೆ ಹುಡುಕಿ ಓದಿ ಕೊಡಿ. ಅವನು ಎರಡನೇ ಕ್ಲಾಸು, ಒಂದನೇ ಮಟ್ಟದ ಪುಸ್ತಕಗಳಿಂದ ಆರಿಸಿ.

ಪೀಣ್ಯ ಎರಡನೇ ಹಂತ

ಮೇಷ್ಟ್ರೇ, ಟ್ಯಾಂಕಿನ ಪೈಪಿನ ಹತ್ತಿರ ಅರಳಿ ಸಿಕ್ಕಿತು. ಮಗ ಆಗಲೇ ಸ್ಕೇಲ್ ತಂದು 11 ಸೆಂಟಿಮೀಟರ್ ಅಂತ ಬರೆದಿಟ್ಟಿದ್ದಾನೆ. ಅದನ್ನು ಅಲ್ಲೇ ಬಿಟ್ಟರೆ ಗೋಡೆ ಬಿರಿಯುತ್ತದೆ ಅಂತ ಮನೆ ಓನರ್ ಹೇಳುತ್ತಾರೆ. ಕುಂಡಕ್ಕೆ ತೆಗೆಯಬಹುದಾ?

ಭಾನುವಾರದ ನಡಿಗೆ

ತೆಗೆಯಬಹುದು, ಓನರ್ ಹೇಳುವುದೂ ನಿಜ. ಇಷ್ಟು ಚಿಕ್ಕದಿರುವಾಗಲೇ ತೆಗೆದರೆ ಬದುಕುತ್ತದೆ. ಮಳೆ ಬಂದ ಮಾರನೇ ದಿನ ಬಿರುಕು ಚೆನ್ನಾಗಿ ನೆನೆದಿರುವಾಗ, ಕಡ್ಡಿಯಿಂದ ಸುತ್ತ ಸಡಿಲ ಮಾಡಿ, ಬೇರು ತುಂಡಾಗದ ಹಾಗೆ ಮೆಲ್ಲಗೆ ಎಳೆಯಿರಿ. ತಕ್ಷಣ ಒದ್ದೆ ಬಟ್ಟೆಯಲ್ಲಿ ಸುತ್ತಿ. ಕೆಂಪುಮಣ್ಣು, ಮರಳು, ಗೊಬ್ಬರ ಬೆರೆಸಿದ ಕುಂಡಕ್ಕೆ ಹಾಕಿ, ಮೊದಲ ವಾರ ನೆರಳಲ್ಲಿಡಿ. ಕೆಲವು ಎಲೆ ಉದುರಿದರೆ ಗಾಬರಿ ಬೇಡ, ಹೊಸ ಚಿಗುರು ಬರುತ್ತದೆ. ಸ್ಕೇಲ್ ಕುಂಡದ ಪಕ್ಕದಲ್ಲೇ ಇರಲಿ.